ಬಟ್ಟೆ ತಿನ್ನುವ ಹುಳಗಳು

(ಥಾಣೆಯ ವರ್ತಕ ನಗರದಲ್ಲಿ ಜರಗಿದ ನಮ್ಮ ಸಂಘದ ಕುಟುಂಬ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ. ಅನೇಕ ಸದಸ್ಯರ ಅಪೇಕ್ಷೆಯಂತೆ ಇಲ್ಲಿ ಪ್ರಕಟಿಸಲಾಗಿದೆ.)



ನಮ್ಮ ಕೂಟಗಳಲ್ಲಿ ಇಷ್ಟರ ತನಕ ದೊಡ್ಡ ದೊಡ್ಡ ವಿಷಯಗಳ ಮೇಲೆ ಭಾಷಣಗಳಾಗಿವೆ. ಭಾಷೆ, ಸಂಸ್ಕೃತಿ, ಪಗಾರ, ಬೋನಸ್ಸು, ಮಕ್ಕಳ ವಿದ್ಯಾಭ್ಯಾಸ, ಎಲ್ಲವೂ ಆಗಿಹೋಗಿದೆ. ನನ್ನ ಪಾಲಿಗೆ ಉಳಿದದ್ದು ಹುಳ. "ನೀವು ಏನಾದರೂ ಉಪಯೋಗಕ್ಕೆ ಬರುವಂಥದ್ದು ಮಾತಾಡಿ" ಎಂದು ಕಾರ್ಯದರ್ಶಿಗಳು ಹೇಳಿದರು. ಏನು ಮಾತಾಡಲಿ ಎಂದು ಯೋಚಿಸುತ್ತ ಮನೆಯ ಅಟ್ಟದ ಕಡೆ ನೋಡಿದೆ. ಅಲ್ಲಿ ನನ್ನ ಹಳೆಯ ಟ್ರಂಕು ಕಂಡಿತು. ಇಂದಿನ ಭಾಷಣ ಆ ಟ್ರಂಕಿನಿಂದ ಹೊರಬಂದದ್ದು.

ನಾನು ಕೀಟಶಾಸ್ತ್ರ ಓದಿದವನಲ್ಲ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಕೆಲವು ವರ್ಷ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದೆ. ಆಮೇಲೆ ಉಣ್ಣೆ ಗಿರಣಿಯೊಂದರ ಗೋದಾಮಿನಲ್ಲಿ ನಿವೃತ್ತಿಯ ತನಕ ದುಡಿದೆ. ಆದುದರಿಂದ ಜಿರಳೆಯ ಪರಿಚಯ ಹೋಟೆಲಿನಿಂದ, ನುಸಿಯ ಪರಿಚಯ ಗಿರಣಿಯಿಂದ ನನಗೆ ಸಿಕ್ಕಿದೆ. ಉಳಿದುದನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಇಷ್ಟೆಲ್ಲ ಬಲ್ಲವನ ಮನೆಯಲ್ಲೇ ಹುಳ ಹಿಡಿಯಿತು ಎಂಬ ನಾಚಿಕೆಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಾಯಿ ತೀರಿಕೊಂಡಾಗ ಅವರ ಧಾರೆ ಸೀರೆಯನ್ನು ನಾನು ಊರಿನಿಂದ ಥಾಣೆಗೆ ತಂದೆ. ಮಗಳ ಮದುವೆಯ ದಿನ ಅವಳು ಅಜ್ಜಿಯ ಸೀರೆಯನ್ನು ಉಡಬೇಕೆಂದು ನಮ್ಮೆಲ್ಲರ ಆಸೆ. ಟ್ರಂಕಿನ ಅಡಿಯಲ್ಲಿ ಇಟ್ಟು, ನಾಲ್ಕು ಡಾಂಬರು ಗೋಲಿ ಹಾಕಿ, ಬೀಗ ಜಡಿದು ಅಟ್ಟಕ್ಕೆ ಏರಿಸಿದೆ. ಬೀಗ ಹಾಕಿದ ಮೇಲೆ ಇನ್ನೇನು ಭಯ ಎಂದುಕೊಂಡೆ. ಆರು ವರ್ಷ ಅದನ್ನು ಇಳಿಸಲಿಲ್ಲ. ಮದುವೆಗೆ ಹದಿನೈದು ದಿನ ಇರುವಾಗ ತೆಗೆದು ಬಿಡಿಸಿದರೆ, ಮಡಿಕೆ ಮಡಿಕೆಗೂ ತೂತು. ಗೋಲಿಗಳು ಎಂದೋ ಕರಗಿ ಗಾಳಿಯಾಗಿ ಹೋಗಿದ್ದವು. ನನ್ನ ಹೆಂಡತಿ ಏನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಹೊಸ ಸೀರೆಯನ್ನು ದುಡ್ಡು ಕೊಟ್ಟು ತರಬಹುದು. ಅಂಥದ್ದನ್ನು ಯಾವ ಅಂಗಡಿಯಿಂದ ತರುವುದು? ನಮ್ಮಂಥವರ ಮನೆಯಲ್ಲಿ ಬಂಗಾರ ಕಡಿಮೆ, ಬೆಳ್ಳಿ ಕಡಿಮೆ. ಹಿಂದಿನವರ ನೆನಪು ಎಂದರೆ ಒಂದು ಸೀರೆ, ಒಂದು ಶಾಲು, ಒಂದು ಕಂಬಳಿ. ಅದನ್ನು ಉಳಿಸಿಕೊಳ್ಳುವುದು ಹೇಗೆಂಬುದೇ ನನ್ನ ಇಂದಿನ ವಿಷಯ.

ಈ ಊರಿಗೂ ಹುಳಕ್ಕೂ ಇರುವ ನೆಂಟು

ನಾವು ಕೂತಿರುವ ಈ ಜಾಗದಲ್ಲಿ ಬಟ್ಟೆಯ ಮಾತಾಡುವುದು ಸರಿಯಾಗಿಯೇ ಇದೆ. ಇಲ್ಲೇ ಪಕ್ಕದಲ್ಲಿ, ಪೋಖರಣ್ ರಸ್ತೆಯ ಬದಿಗೆ, 1925ರಲ್ಲಿ ರೇಮಂಡ್ ಉಣ್ಣೆ ಗಿರಣಿ ಆರಂಭವಾಯಿತು. 1944ರಲ್ಲಿ ಅದು ಸಿಂಘಾನಿಯಾ ಮನೆತನದ ಕೈಗೆ ಬಂತು. ಜೆ.ಕೆ. ಗ್ರಾಮ ಎಂಬ ಹೆಸರು ಇಂದಿಗೂ ಉಳಿದಿದೆ. 2009ರಲ್ಲಿ ಇಲ್ಲಿನ ಗಿರಣಿ ಮುಚ್ಚಿತು. ಈಗ ಆ ಜಾಗದಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿವೆ. ಉಣ್ಣೆ ನೇಯುತ್ತಿದ್ದ ಈ ನೆರೆಯಲ್ಲಿ ಉಣ್ಣೆಯ ಶತ್ರುವಿನ ಮಾತು ಬಂದರೆ ಆಶ್ಚರ್ಯವಿಲ್ಲ.

ಹತ್ತಿಯ ಗಿರಣಿಯಲ್ಲಿ ದುಡಿದ ಅಣ್ಣಂದಿರು ಕೇಳಬಹುದು: "ನಮ್ಮ ಗೋದಾಮಿನಲ್ಲಿ ತಾನುಗಟ್ಟಲೆ ಬಟ್ಟೆ ಇತ್ತು, ನುಸಿಯ ಗಲಾಟೆ ಇರಲಿಲ್ಲವಲ್ಲ?" ಅದಕ್ಕೆ ಕಾರಣವಿದೆ. ಉಣ್ಣೆ ಎಂದರೆ ಕುರಿಯ ಕೂದಲು. ಕೂದಲು, ಉಗುರು, ಗರಿ, ಕೊಂಬು ಎಲ್ಲ ಒಂದೇ ಜಾತಿಯ ವಸ್ತು; ಅದಕ್ಕೆ ಕೆರಾಟಿನ್ ಎನ್ನುತ್ತಾರೆ. ಗಂಧಕದ ಕೊಂಡಿಗಳಿಂದ ಬಿಗಿಯಾಗಿ ಹೆಣೆದ ಈ ವಸ್ತುವನ್ನು ಜೀರ್ಣಿಸಿಕೊಳ್ಳಬಲ್ಲ ಪ್ರಾಣಿಗಳು ಬಹಳ ಕಡಿಮೆ. ನಾವು ಊಟದಲ್ಲಿ ಒಂದು ಕೂದಲು ನುಂಗಿದರೂ ಅದು ಕರಗುವುದಿಲ್ಲ. ಆದರೆ ನುಸಿಯ ಮರಿಹುಳದ ಹೊಟ್ಟೆಯಲ್ಲಿ ಈ ಕೊಂಡಿಯನ್ನು ಕಳಚುವ ತೀಕ್ಷ್ಣವಾದ ಕ್ಷಾರರಸವಿದೆ. ಯಾರೂ ತಿನ್ನಲಾರದ ಅನ್ನವನ್ನು ತಿಂದು ಬದುಕುವುದನ್ನು ಅದು ಕಲಿತಿದೆ.

ರೇಷ್ಮೆ ಸಹ ಹುಳದಿಂದ ಬಂದ ವಸ್ತು. ಅದೂ ಇವುಗಳಿಗೆ ಆಹಾರ. ಹತ್ತಿ ಹಾಗಲ್ಲ, ಅದು ಗಿಡದ ನಾರು. ಶುದ್ಧವಾದ, ಗಂಜಿ ಇಲ್ಲದ ಹತ್ತಿಯನ್ನು ನುಸಿ ತಿನ್ನುವುದಿಲ್ಲ. ಟೆರಿಲೀನು, ನೈಲಾನುಗಳನ್ನೂ ತಿನ್ನುವುದಿಲ್ಲ. ಆದರೆ ಟೆರಿವುಲ್ ಪ್ಯಾಂಟಿನಲ್ಲಿ ಉಣ್ಣೆಯ ಪಾಲಿದೆಯಲ್ಲ, ಅದಕ್ಕಾಗಿ ಬಾಯಿ ಹಾಕುತ್ತದೆ. ನಿಮ್ಮ ಬಟ್ಟೆ ಯಾವ ಜಾತಿಯದೆಂದು ಗೊತ್ತಾಗದಿದ್ದರೆ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ನೈಲಾನು, ಟೆರಿಲೀನಿನಂಥ ನೂಲು. ಕೂದಲ ವಾಸನೆ ಬಂದ ಬಟ್ಟೆಯೇ ಕಾವಲು ಬೇಕಾದ ಬಟ್ಟೆ.

ಹಾರುವುದು ಒಂದು, ತಿನ್ನುವುದು ಇನ್ನೊಂದು

ಈಗ ಕಳ್ಳರ ಗುರುತು ಹೇಳುತ್ತೇನೆ. ಮೊದಲನೆಯದು ಬಟ್ಟೆಯ ನುಸಿ. ಇದು ಹೊಂಬಣ್ಣದ ಸಣ್ಣ ಪತಂಗ. ರೆಕ್ಕೆ ಮಡಚಿ ಕೂತರೆ ಅಕ್ಕಿಕಾಳಿನಷ್ಟು, ಆರೆಂಟು ಮಿಲಿಮೀಟರ್ ಉದ್ದ. ದೀಪಕ್ಕೆ ಬಂದು ಬಡಿಯುವ ಪತಂಗ ಇದಲ್ಲ. ಇದು ಬೆಳಕನ್ನು ಕಂಡರೆ ಓಡಿ ಮಡಿಕೆಯೊಳಗೆ ಅಡಗುತ್ತದೆ. ಚಪ್ಪಾಳೆ ತಟ್ಟಿ ಇದನ್ನು ಕೊಂದು ಗೆದ್ದೆವೆಂದು ಭಾವಿಸುವವರು ಮೋಸ ಹೋಗುತ್ತಾರೆ. ಯಾಕೆಂದರೆ ಹಾರುವ ನುಸಿ ಏನನ್ನೂ ತಿನ್ನುವುದಿಲ್ಲ. ತಿನ್ನಲು ಅದಕ್ಕೆ ಸರಿಯಾದ ಬಾಯಿಯೇ ಇಲ್ಲ. ಬಟ್ಟೆ ತಿನ್ನುವುದು ಅದರ ಮರಿ. ಹೆಣ್ಣು ನುಸಿ ಉಣ್ಣೆಯ ಎಳೆಗಳ ನಡುವೆ ನಲ್ವತ್ತೈವತ್ತು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ನಮ್ಮ ಸೆಕೆಗೆ ಅವು ಒಂದು ವಾರ ಹತ್ತು ದಿನದೊಳಗೆ ಒಡೆಯುತ್ತವೆ. ಬಿಳಿಯ ಮೈ, ಕಂದು ತಲೆಯ ಮರಿಹುಳ ಹೊರಬಂದು ಬಾಯಿಂದ ರೇಷ್ಮೆಯಂಥ ನೂಲು ಬಿಟ್ಟು, ಬಲೆಯನ್ನೂ ಕೊಳವೆಯನ್ನೂ ಕಟ್ಟಿಕೊಂಡು ಒಳಗೆ ಕೂತು ಮೇಯುತ್ತದೆ. ಅನುಕೂಲವಿದ್ದರೆ ಒಂದೆರಡು ತಿಂಗಳಲ್ಲಿ ಬೆಳೆಯುತ್ತದೆ. ಆಹಾರ ಸಾಲದಿದ್ದರೆ ಎರಡು ವರ್ಷದ ತನಕವೂ ಮರಿಯಾಗಿಯೇ ಕಾಲ ಕಳೆಯಬಲ್ಲುದು.

ಇದರ ಗುರುತು: ಬಟ್ಟೆಯ ಮೇಲೆ ಜೇಡರ ಬಲೆಯಂಥ ಎಳೆ, ಮೇಲ್ಮೈಯ ಜುಂಗು ಮೇಯ್ದ ಹಾಗೆ ಬೋಳು, ಜತೆಗೆ ಮರಳಿನ ಕಣದಂಥ ಹಿಕ್ಕೆ. ಹಿಕ್ಕೆಗೆ ಬಹುಮಟ್ಟಿಗೆ ಬಟ್ಟೆಯ ಬಣ್ಣವೇ ಇರುತ್ತದೆ. ಕೆಂಪು ಶಾಲು ತಿಂದ ಹುಳದ ಹಿಕ್ಕೆ ಕೆಂಪು, ನೀಲಿ ಕೋಟು ತಿಂದ ಹುಳದ ಹಿಕ್ಕೆ ನೀಲಿ. ಕಳ್ಳ ತಾನೇ ಚೀಟಿ ಬರೆದಿಟ್ಟು ಹೋಗುತ್ತಾನೆ.

ಇದರ ನೆಂಟನೊಬ್ಬನನ್ನು ನೀವೆಲ್ಲ ದಿನಾಲೂ ಕಂಡಿದ್ದೀರಿ. ಗೋಡೆಯ ಮೇಲೆ, ಬಚ್ಚಲ ಬಾಗಿಲ ಹತ್ತಿರ, ಸೌತೆಬೀಜದ ಆಕಾರದ ಬೂದು ಬಣ್ಣದ ಚೀಲವೊಂದು ನಿಧಾನವಾಗಿ ನಡೆಯುತ್ತಿರುತ್ತದೆ. ಮುಟ್ಟಿದರೆ ನಿಂತುಬಿಡುತ್ತದೆ. ಅದು ಸುಣ್ಣದ ಪುಡಿಯಲ್ಲ, ಕಸವಲ್ಲ, ಒಳಗೆ ಹುಳವಿದೆ. ಚೀಲಕ್ಕೆ ಎರಡೂ ಕಡೆ ಬಾಯಿ. ಹುಳ ಯಾವ ಕಡೆಯಿಂದಲೂ ತಲೆ ಹೊರಹಾಕಬಲ್ಲುದು. ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳ ಇದರ ಮುಖ್ಯ ಆಹಾರ. ಉಣ್ಣೆ ಸಿಕ್ಕಿದರೆ ಅದೂ ಆದೀತು. ಗೋಡೆಯ ಮೇಲೆ ಈ ಚೀಲಗಳು ಹೆಚ್ಚಾದರೆ ಮೂಲೆಗಳಲ್ಲಿ ಬಲೆ ಕೂದಲು ತುಂಬಿವೆ ಎಂದು ತಿಳಿಯಬೇಕು.

ಎರಡನೆಯ ಕಳ್ಳ ಒಂದು ದುಂಬಿ. ಕಾರ್ಪೆಟ್ ಬೀಟಲ್ ಎಂದು ಇದರ ಇಂಗ್ಲಿಷ್ ಹೆಸರು. ಸಾಸಿವೆಕಾಳಿಗಿಂತ ತುಸು ದೊಡ್ಡದು, ದುಂಡಗೆ, ಬೆನ್ನ ಮೇಲೆ ಬಿಳಿ ಕಂದು ಮಚ್ಚೆಗಳು. ಇದರ ಸ್ವಭಾವ ನುಸಿಗೆ ವಿರುದ್ಧ: ಬೆಳೆದ ದುಂಬಿ ಬೆಳಕಿಗೆ ಹೋಗುತ್ತದೆ, ಹೂವಿನ ಪರಾಗ ತಿನ್ನುತ್ತದೆ. ಕಿಟಕಿಯ ದಂಡೆಯಲ್ಲಿ ಇಂಥ ದುಂಬಿಗಳು ಸತ್ತು ಬಿದ್ದಿದ್ದರೆ ಮನೆಯೊಳಗೆ ಎಲ್ಲೋ ಮರಿಗಳಿವೆ ಎಂದು ಅರ್ಥ. ಇಲ್ಲಿಯೂ ತಿನ್ನುವುದು ಮರಿಯೇ. ಅದು ಪುಟ್ಟ ಕಂಬಳಿಹುಳದಂತೆ ಮೈತುಂಬ ರೋಮ ಹೊತ್ತಿರುತ್ತದೆ. ಹೆಸರಿಗೂ ಕಂಬಳಿಹುಳ, ತಿನ್ನುವುದೂ ಕಂಬಳಿ! ಇದು ಬಲೆ ಕಟ್ಟುವುದಿಲ್ಲ. ಸ್ವಚ್ಛವಾದ ತೂತು ಮಾಡುತ್ತದೆ, ಬೆಳೆಯುತ್ತ ಹೋದಂತೆ ರೋಮದ ಪೊರೆಗಳನ್ನು ಕಳಚಿ ಬಿಟ್ಟುಹೋಗುತ್ತದೆ. ನನ್ನ ತಾಯಿಯ ಸೀರೆಯ ಮಡಿಕೆಯಲ್ಲಿ ನನಗೆ ಸಿಕ್ಕಿದ್ದು ಆ ಕಂದು ಪೊರೆಗಳೇ.

ಈ ದುಂಬಿ ಮನೆಗೆ ಬರುವುದು ಎಲ್ಲಿಂದ? ಒಂದು ದಾರಿ ಹೂವು. ಇನ್ನೊಂದು ದಾರಿ, ಈ ಊರಿನವರೆಲ್ಲ ಬಲ್ಲ ಪಾರಿವಾಳ. ಕಿಟಕಿಯ ಸಜ್ಜದ ಮೇಲೆ, ಏ.ಸಿ.ಯ ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟಿದರೆ ಅಲ್ಲಿ ಗರಿ ಬೀಳುತ್ತದೆ, ಮರಿ ಸತ್ತಿರುತ್ತದೆ. ಅದೆಲ್ಲ ಈ ದುಂಬಿಗೆ ಅನ್ನಛತ್ರ. ಅಲ್ಲಿ ಉಂಡು ತೇಗಿದ ಮೇಲೆ ನಿಮ್ಮ ಕಪಾಟಿಗೆ ಬರುತ್ತದೆ. ಹಾಗಾಗಿ ಸೀರೆ ಉಳಿಸಬೇಕಾದರೆ ಸಜ್ಜವನ್ನೂ ಗುಡಿಸಬೇಕಾಗುತ್ತದೆ.

ಗಂಜಿಯ ಕಳ್ಳರು

ಹೋಟೆಲಿನ ತಮ್ಮಂದಿರು ಹೇಳಿಯಾರು: "ನಮಗೆ ಉಣ್ಣೆಯೂ ಇಲ್ಲ, ರೇಷ್ಮೆಯೂ ಇಲ್ಲ. ಹತ್ತಿಯ ಅಂಗಿ, ಮುಂಡು. ನಮಗೇನು?" ಅವರಿಗೆ ಬೇರೆ ಕಳ್ಳರಿದ್ದಾರೆ.

ಮೀನಿನ ಆಕಾರದ, ಬೆಳ್ಳಿಯಂತೆ ಹೊಳೆಯುವ, ರೆಕ್ಕೆಯಿಲ್ಲದ ಹುಳವೊಂದು ಹಳೆಯ ಪುಸ್ತಕ ತೆರೆದಾಗ ಸರ್ರನೆ ಓಡುತ್ತದಲ್ಲ, ಅದನ್ನು ಸಿಲ್ವರ್ ಫಿಶ್ ಎನ್ನುತ್ತಾರೆ. ಬಾಲದಲ್ಲಿ ಮೂರು ಎಳೆ. ಇದಕ್ಕೆ ಬೇಕಾದದ್ದು ಪಿಷ್ಟ, ಎಂದರೆ ಗಂಜಿ, ಅಂಟು, ಮೈದಾ. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ಇದಕ್ಕೆ ಬಡಿಸಿದ ಎಲೆ. ಬಟ್ಟೆಯ ಮೇಲ್ಮೈಯನ್ನು ಕೆರೆದು ತಿಂದು ಹಳದಿ ಕಲೆ ಬಿಡುತ್ತದೆ, ಕೆಲವು ಕಡೆ ತೂತನ್ನೂ ಮಾಡುತ್ತದೆ. ತಿಂಗಳುಗಟ್ಟಲೆ ಉಪವಾಸವಿರಬಲ್ಲುದು, ಕೆಲವು ವರ್ಷ ಬದುಕುತ್ತದೆ. ಆದರೆ ತೇವವಿಲ್ಲದೆ ಇರಲಾರದು. ಗಾಳಿಯಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ತೇವವಿದ್ದರೆ ಅದಕ್ಕೆ ಹಬ್ಬ. ನಮ್ಮ ಥಾಣೆ ಮುಂಬಯಿಗಳಲ್ಲಿ ಜೂನಿನಿಂದ ಸಪ್ಟೆಂಬರ್ ತನಕ ಆ ಹಬ್ಬ ನಡೆಯುತ್ತದೆ.

ಜಿರಳೆಯ ಗುರುತನ್ನು ಯಾರಿಗೂ ಹೇಳಬೇಕಾಗಿಲ್ಲ. ಸಾಂಬಾರು ಬಿದ್ದ ಅಂಗಿ, ಚಹಾ ಚೆಲ್ಲಿದ ಟವೆಲು, ಬೆವರಿನ ಕಾಲರು, ಇವುಗಳನ್ನು ಅದು ಕಡಿಯುತ್ತದೆ. ಅದು ಬೇಕೆಂದದ್ದು ಸಾಂಬಾರು. ಜತೆಯಲ್ಲಿ ಬಟ್ಟೆಯೂ ಹೋಯಿತು. ಗೆದ್ದಲು ಸಹ ಹತ್ತಿಯನ್ನು ಬಿಡುವುದಿಲ್ಲ. ನೆಲಮಾಳಿಗೆಯಲ್ಲಿ, ಚಾಳಿನ ಕೆಳಗಿನ ಖೋಲಿಯಲ್ಲಿ ಗೋಡೆಗೆ ತಾಗಿಸಿ ಮರದ ಪೆಟ್ಟಿಗೆ ಇಟ್ಟರೆ ಮಣ್ಣಿನ ಕೊಳವೆ ಕಟ್ಟಿಕೊಂಡು ಒಳಗೆ ಬರುತ್ತದೆ. ಮಣ್ಣು ಕಂಡರೆ ಗೆದ್ದಲೆಂದೇ ತಿಳಿಯಿರಿ.

ಉತ್ತರ ಕರ್ನಾಟಕದ ಅಣ್ಣಂದಿರು ಊರಿನಿಂದ ಕರಿಯ ಕಂಬಳಿ ತರುತ್ತಾರೆ. ಚಳ್ಳಕೆರೆಯ ಕಡೆಯ ಕಂಬಳಿಯೂ ಹೆಸರಾದದ್ದು. ಕೈಮಗ್ಗದ ಕಂಬಳಿಯ ನೂಲಿಗೆ ಹುಣಿಸೆ ಬೀಜದ ಗಂಜಿ ಹಾಕುತ್ತಾರೆ. ನಮ್ಮ ಗಿರಣಿಗಳಲ್ಲಿ ಹಾಸಿಗೆ ಗಂಜಿ ಹಾಕುತ್ತಿದ್ದುದೂ ಇದೇ ತತ್ತ್ವದ ಮೇಲೆ. ಆದುದರಿಂದ ಹೊಸ ಕಂಬಳಿಯಲ್ಲಿ ಉಣ್ಣೆಯ ಕಳ್ಳನಿಗೂ ಊಟ, ಗಂಜಿಯ ಕಳ್ಳನಿಗೂ ಊಟ. ಅದನ್ನು ಎಲ್ಲಕ್ಕಿಂತ ಹೆಚ್ಚು ನಿಗಾದಿಂದ ಕಾಯಬೇಕು.

ಇಲ್ಲಿ ಒಂದು ಎಚ್ಚರಿಕೆ. ತೂತು ಬಿದ್ದಲ್ಲೆಲ್ಲ ಹುಳವಿಲ್ಲ. ಬ್ಲೀಚಿಂಗ್ ಪೌಡರಿನ ನೀರು ಸಿಡಿದರೆ ಹತ್ತಿ ಒಳಗಿಂದೊಳಗೆ ಸತ್ತು, ನಾಲ್ಕು ಒಗೆತದ ಮೇಲೆ ತೂತಾಗುತ್ತದೆ. ಬ್ಯಾಟರಿಯ ಆಮ್ಲವೂ ಹಾಗೆಯೇ. ಕಬ್ಬಿಣದ ಟ್ರಂಕಿನ ತುಕ್ಕು ತಾಗಿದ ಜಾಗ ಪಿಸಿಯುತ್ತದೆ. ಅಂಗಿಯ ಹೊಟ್ಟೆಯ ಮುಂದೆ ಸಣ್ಣ ತೂತುಗಳಾದರೆ ಬೆಲ್ಟಿನ ಬಕಲನ್ನೋ ಕಟ್ಟೆಯ ಅಂಚನ್ನೋ ಸಂಶಯಿಸಿ. ಬಲೆ, ಹಿಕ್ಕೆ, ಪೊರೆ, ಮಣ್ಣು ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಹುಳದ ಮೇಲೆ ಅಪವಾದ ಹೊರಿಸಿ ಮದ್ದು ಹಾಕುವ ಮೊದಲು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಡಾಂಬರು ಗೋಲಿಯ ಭರವಸೆ

ನಮ್ಮವರಿಗೆ ಮದ್ದು ಎಂದರೆ ಬಿಳಿಯ ಡಾಂಬರು ಗೋಲಿ. ಊರಿನಲ್ಲಿ ನುಸಿಗುಳಿಗೆ ಎನ್ನುತ್ತಾರೆ. ಹೋಟೆಲಿನ ಕೈ ತೊಳೆಯುವ ಬೇಸಿನ್ನಿಗೆ ನಾನೇ ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ. ಇದು ನ್ಯಾಫ್ತಲೀನ್. ಕಲ್ಲಿದ್ದಲ ಡಾಂಬರಿನಿಂದ ತೆಗೆಯುವುದರಿಂದ ಆ ಹೆಸರು ಬಂತು. ಇದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ದಟ್ಟವಾಗಿ ನಿಂತರೆ ಮಾತ್ರ ಹುಳ ಸಾಯುತ್ತದೆ. ಎಂದರೆ ಪೆಟ್ಟಿಗೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ಸಂದಿಯಿರುವ ಕಪಾಟಿನಲ್ಲಿ ನಾಲ್ಕು ಗೋಲಿ ಉರುಳಿಸಿದರೆ ವಾಸನೆ ಮನುಷ್ಯರಿಗೆ, ಬಟ್ಟೆ ಹುಳಕ್ಕೆ. ಗೋಲಿ ಮುಗಿದ ಮೇಲೆ ಕಾವಲೂ ಮುಗಿಯಿತು. ನನ್ನ ಮನೆಯಲ್ಲಿ ಆದದ್ದು ಇದೇ.

ಇದು ವಿಷ ಎಂಬುದನ್ನು ಮರೆಯಬಾರದು. ಪೆಪ್ಪರಮಿಂಟಿನ ಹಾಗೆ ಕಾಣುವುದರಿಂದ ಮಕ್ಕಳು ಬಾಯಿಗೆ ಹಾಕುತ್ತಾರೆ. ರಕ್ತದಲ್ಲಿ ಜಿ-6-ಪಿ-ಡಿ ಎಂಬ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರು ಕೆಲವರಿರುತ್ತಾರೆ. ಅವರಿಗೆ ತಾವು ಹಾಗಿದ್ದೇವೆಂದು ಗೊತ್ತೇ ಇರುವುದಿಲ್ಲ. ಅವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ನುಂಗಬೇಕೆಂದೇ ಇಲ್ಲ: ಗೋಲಿಯೊಡನೆ ಇಟ್ಟ ಬಟ್ಟೆ, ಕಂಬಳಿಗಳನ್ನು ಹಾಗೆಯೇ ತೆಗೆದು ಎಳೆಗೂಸಿಗೆ ಹೊದಿಸಿದಾಗ ಕಾಮಾಲೆ ಏರಿ ಅಪಾಯವಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಬಾಣಂತಿಯ ಕೋಣೆಗೆ, ಮಗುವಿನ ಬಟ್ಟೆಗೆ ಈ ಗೋಲಿ ಬೇಡವೇ ಬೇಡ. ಮಗು ನುಂಗಿದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ, ಹಾಲು ಎಣ್ಣೆ ಕುಡಿಸಬೇಡಿ. ಗೋಲಿಯ ಪ್ಯಾಕೆಟನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಓಡಿ. ಆ ಕ್ಷಣ ಮಗು ಆಡುತ್ತಿದ್ದರೂ ಹೋಗಲೇಬೇಕು. ಮೂತ್ರ ಕಪ್ಪಗಾಗುವುದು, ಕಣ್ಣು ಹಳದಿಯಾಗುವುದು ಒಂದೆರಡು ದಿನಗಳ ಬಳಿಕವೂ ಆಗಬಹುದು.

ಹತ್ತು ಜನ ಮಲಗುವ ಖೋಲಿಯಲ್ಲಿ ಹತ್ತು ಟ್ರಂಕಿಗೂ ಗೋಲಿ ಹಾಕಿದರೆ ರಾತ್ರಿಯೆಲ್ಲ ಆ ಆವಿಯನ್ನು ಉಸಿರಾಡುವವರು ನಾವೇ. ಇನ್ನೊಂದು ಮಾತು: ಕರ್ಪೂರವನ್ನೂ ಡಾಂಬರು ಗೋಲಿಯನ್ನೂ ಒಟ್ಟಿಗೆ ಇಡಬೇಡಿ. ಎರಡೂ ಸೇರಿದರೆ ಸೆಕೆಗೆ ಕರಗಿ ನೀರಾಗಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಜರಿಯ ಮೇಲೆ ಗೋಲಿ ಬಿದ್ದರೆ ಜರಿ ಕಪ್ಪಾಗುತ್ತದೆ ಎಂದು ಸೀರೆಯ ವ್ಯಾಪಾರಿಗಳು ಹೇಳುತ್ತಾರೆ. ಹಾಕಲೇಬೇಕಾದರೆ ಬಟ್ಟೆಯ ಚೂರಿನಲ್ಲಿ ಕಟ್ಟಿ ಸೀರೆಗೆ ತಾಗದಂತೆ ಮೇಲೆ ಇಡಬೇಕು, ಯಾಕೆಂದರೆ ಆ ಆವಿ ಗಾಳಿಗಿಂತ ಭಾರವಾಗಿ ಕೆಳಗಿಳಿಯುತ್ತದೆ.

ಮದ್ದಿನ ಮೇಲೆ ಅತಿ ಭರವಸೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಡಿ.ಡಿ.ಟಿ. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಗೈಗಿ ಎಂಬ ಕಂಪೆನಿ ಉಣ್ಣೆಗೆ ನುಸಿ ಹತ್ತದಂಥ ಮದ್ದನ್ನು ಹುಡುಕುತ್ತಿತ್ತು. ಅದೇ ಕಂಪೆನಿಯ ಪಾಲ್ ಮ್ಯುಲರ್ ಎಂಬ ವಿಜ್ಞಾನಿ 1939ರಲ್ಲಿ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ. 1948ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಮಲೇರಿಯಾ ತಡೆದು ಅದು ಲಕ್ಷಾಂತರ ಜೀವ ಉಳಿಸಿದ್ದು ನಿಜ. ಆದರೆ ಅದು ಮಣ್ಣಿನಲ್ಲಿ, ಹಾಲಿನಲ್ಲಿ, ಮನುಷ್ಯನ ಕೊಬ್ಬಿನಲ್ಲಿ ಕರಗದೆ ಉಳಿಯುತ್ತದೆಂದು ಬಳಿಕ ತಿಳಿಯಿತು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಅದನ್ನು ಬಳಸುವುದನ್ನು 1989ರಲ್ಲಿ ನಿಷೇಧಿಸಿದರು. ನಮ್ಮ ಹಿರಿಯರು ಟ್ರಂಕಿಗೂ ಹಾಸಿಗೆಗೂ ಡಿ.ಡಿ.ಟಿ. ಪುಡಿ ಉದುರಿಸುತ್ತಿದ್ದರು. ಅವರ ತಪ್ಪಲ್ಲ, ಆ ಕಾಲ ಹಾಗಿತ್ತು. ಈಗ ತಿಳಿದ ಮೇಲೂ ಜಿರಳೆಯ ಚಾಕ್‌ಪೀಸು, ತಿಗಣೆಯ ಮದ್ದು ಇವುಗಳನ್ನು ಮೈಗೆ ತಾಗುವ ಬಟ್ಟೆಯ ನಡುವೆ ಇಡುವುದು ಸರಿಯಲ್ಲ.

ಊರಿನ ಉಪಾಯಗಳಿವೆಯಲ್ಲ? ಲಾವಂಚದ ಬೇರು, ಕೇದಗೆ ಹೂವು, ಬೇವಿನ ಎಲೆ, ಲವಂಗ. ಇವು ಒಳ್ಳೆಯವೇ, ಸೀರೆಗೆ ಸುವಾಸನೆ ಬರುತ್ತದೆ, ಯಾರಿಗೂ ಅಪಾಯವಿಲ್ಲ. ಆದರೆ ಒಳಗೆ ಸೇರಿಕೊಂಡ ಮರಿಹುಳವನ್ನು ಇವು ಕೊಲ್ಲುವುದಿಲ್ಲ. ಅಜ್ಜಿಯ ಕಾಲದಲ್ಲಿ ಲಾವಂಚದಿಂದಲೇ ಸೀರೆ ಉಳಿಯಿತು ಎನ್ನುವವರಿಗೆ ನಾನು ಹೇಳುವುದಿಷ್ಟು: ಅಜ್ಜಿ ಲಾವಂಚ ಬದಲಿಸಲಿಕ್ಕಾಗಿ ವರ್ಷಕ್ಕೆ ಎರಡು ಮೂರು ಸಲ ಪೆಟ್ಟಿಗೆ ತೆರೆಯುತ್ತಿದ್ದಳು. ಸೀರೆಯನ್ನು ಕೊಡವಿ, ಗಾಳಿಗೆ ಹಾಕಿ, ಮತ್ತೆ ಮಡಚುತ್ತಿದ್ದಳು. ಉಳಿಸಿದ್ದು ಆ ಕೈ.

ನಾವು ಮಾಡಬೇಕಾದದ್ದು

ಮೊದಲನೆಯದು, ಕೊಳೆಯೊಡನೆ ಬಟ್ಟೆಯನ್ನು ಎತ್ತಿಡಬಾರದು. ಬರೀ ಉಣ್ಣೆ ತಿಂದರೆ ಮರಿಹುಳಕ್ಕೆ ಪೂರ್ತಿ ಪುಷ್ಟಿ ಸಿಗುವುದಿಲ್ಲ. ಬೆವರು, ಎಣ್ಣೆ, ಪಾಯಸದ ಕಲೆ ಇದ್ದರೆ ಅದು ಚೆನ್ನಾಗಿ ಬೆಳೆಯುತ್ತದೆ. ಮದುವೆಗೆ ಉಟ್ಟ ಸೀರೆಯನ್ನು ಅದೇ ರಾತ್ರಿ ಮಡಚಿ ಪೆಟ್ಟಿಗೆಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ನನ್ನ ತಾಯಿಯ ಸೀರೆಯ ಸೆರಗಿನಲ್ಲಿ ಹಳೆಯ ಕಲೆಯೊಂದಿತ್ತು. ದೊಡ್ಡ ತೂತು ಬಿದ್ದದ್ದು ಅಲ್ಲೇ. ಒಗೆಯಬಹುದಾದದ್ದನ್ನು ಒಗೆಯಬೇಕು, ಒಗೆಯಬಾರದ್ದನ್ನು ಡ್ರೈಕ್ಲೀನಿಗೆ ಕೊಡಬೇಕು. ಬೇಗ ಬಳಸದ ಹತ್ತಿಯ ಬಟ್ಟೆಗೆ ಗಂಜಿ ಹಾಕದೆ ಇಡಬೇಕು. ಗಂಜಿಯನ್ನು ತೊಡುವ ಮುಂಚೆ ಹಾಕಿದರೆ ಸಾಕು.

ಎರಡನೆಯದು, ವರ್ಷಕ್ಕೆ ಮೂರು ಸಲ ಪೆಟ್ಟಿಗೆ ತೆರೆಯಬೇಕು. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ. ಮಳೆ ನಿಂತ ಮೇಲೆ ಅಕ್ಟೋಬರಿನ ಸುಡುಬಿಸಿಲಿನಲ್ಲಿ ಒಮ್ಮೆ. ದಸರಾ ದೀಪಾವಳಿಗೆ ಮನೆ ಗುಡಿಸುವಾಗ ಇದೂ ಆಗುತ್ತದೆ. ಚಳಿ ಮುಗಿದು ಶಾಲು ಸ್ವೆಟರು ಎತ್ತಿಡುವ ಫೆಬ್ರವರಿಯಲ್ಲಿ ಒಮ್ಮೆ. ಉಣ್ಣೆಯನ್ನು ಬಿಸಿಲಿಗೆ ಹಾಕಿ ಬ್ರಷಿನಿಂದ ಒತ್ತಿ ಉಜ್ಜಬೇಕು. ಕಾಲರಿನ ಅಡಿ, ಜೇಬಿನ ಒಳಗು, ಹೊಲಿಗೆಯ ಸಂದು ಇವೇ ಮೊಟ್ಟೆಯ ಜಾಗ. ಬೆಳಕು ಬಿಸಿಲು ತಾಗಿದರೆ ಮರಿಹುಳ ಹಿಡಿತ ಬಿಟ್ಟು ಉದುರುತ್ತದೆ. ರೇಷ್ಮೆಗೆ ಮಾತ್ರ ನೇರ ಬಿಸಿಲು ಬೇಡ, ಬಣ್ಣ ಹೋಗುತ್ತದೆ. ನೆರಳಿನ ಗಾಳಿ ಸಾಕು. ಹಳೆಯ ಮಡಿಕೆಯ ಮೇಲೆಯೇ ಮಡಚದೆ ಬೇರೆ ಕಡೆ ಮಡಚಬೇಕು. ಒಗೆದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ತೇವ ನಿಂತು ಬೂಷ್ಟು ಹಿಡಿಯುತ್ತದೆ.

ಮೂರನೆಯದು, ಹುಳ ಬಿದ್ದದ್ದು ಖಂಡಿತವಾದರೆ ಬಿಸಿ ಅಥವಾ ತಣ್ಣಗೆ. 55 ಡಿಗ್ರಿಯಷ್ಟು ಬಿಸಿ ತುಸು ಹೊತ್ತು ತಗುಲಿದರೆ ಮೊಟ್ಟೆ ಸಹಿತ ಎಲ್ಲ ಸಾಯುತ್ತದೆ. ಹತ್ತಿಯನ್ನು ಬಿಸಿನೀರಿನಲ್ಲಿ ಒಗೆಯಬಹುದು. ಉಣ್ಣೆ ಬಿಸಿನೀರಿಗೆ ಕುಗ್ಗುತ್ತದೆ; ಅದಕ್ಕೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೆ ಆಗುತ್ತದೆ. ಇಲ್ಲವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಫ್ರಿಜ್ಜಿನ ಬರ್ಫದ ಖಾನೆಯಲ್ಲಿ, ಎಂದರೆ ಸೊನ್ನೆಗಿಂತ ಕೆಳಗೆ 18 ಡಿಗ್ರಿಯಲ್ಲಿ, ಒಂದು ವಾರ ಇಡಬೇಕು. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬಾರದು. ಬೆಚ್ಚಗಾದ ಮೇಲೆ ಬಿಚ್ಚಬೇಕು. ಇದನ್ನು ಕೇಳಿ ಹೋಟೆಲಿನ ತಮ್ಮಂದಿರು ತಮ್ಮ ಕಂಬಳಿಯನ್ನು ಹೋಟೆಲಿನ ಡೀಪ್ ಫ್ರೀಜರಿಗೆ ತುಂಬಬೇಡಿ. ಮಾಲೀಕರು ನನ್ನನ್ನು ಹುಡುಕಿಕೊಂಡು ಬಂದಾರು!

ನಾಲ್ಕನೆಯದು ಪೊರಕೆ. ಮಂಚದ ಅಡಿಯ ಕೂದಲು, ಮೂಲೆಯ ಜೇಡರ ಬಲೆ, ಸಜ್ಜದ ಗರಿ ಇವು ಹೋದರೆ ಅರ್ಧ ಹುಳ ಹೋಯಿತು. ಟ್ರಂಕನ್ನು ನೆಲದಿಂದ ಎರಡು ಇಟ್ಟಿಗೆ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡಬೇಕು. ಖಾಲಿ ಮಾಡಿದಾಗ ಅದರ ಮೂಲೆಗಳನ್ನು ಒರೆಸಿ ಬಿಸಿಲಿಗೆ ತೆರೆದಿಡಬೇಕು. ಯಾರಾದರೂ ಹಳೆಯ ಕೋಟು, ರಜಾಯಿ ಕೊಟ್ಟರೆ ಬಿಸಿಲು ಕಾಣಿಸದೆ ಒಳಗೆ ತರಬಾರದು.

ಸೋದರರೇ, ನಾನು ಹೇಳಿದ ಹುಳಗಳೆಲ್ಲ ಕತ್ತಲೆಯನ್ನೂ ನಿಶ್ಶಬ್ದವನ್ನೂ ಹುಡುಕುವಂಥವು. ದಿನಾಲೂ ತೊಡುವ ಅಂಗಿಗೆ ನುಸಿ ಹತ್ತಿದ್ದನ್ನು ಯಾರೂ ಕಂಡಿಲ್ಲ. ಅದು ಹತ್ತುವುದು ನಾವು ಪ್ರೀತಿಯಿಂದ ಎತ್ತಿಟ್ಟು ಮರೆತದ್ದಕ್ಕೆ. ಪರವೂರಿನಲ್ಲಿ ದುಡಿಯುವ ನಮಗೆ ಒಂದು ಅಭ್ಯಾಸ ಬಿದ್ದಿದೆ: ಒಳ್ಳೆಯದೆಲ್ಲವನ್ನೂ ಊರಿಗೆ ಹೋಗುವ ದಿನಕ್ಕೆಂದು ಕಟ್ಟಿಡುವುದು. ಒಳ್ಳೆಯ ಅಂಗಿ ಊರಿಗೆ, ಹೊಸ ಪಂಚೆ ಊರಿಗೆ, ಶಾಲು ಊರಿನ ಜಾತ್ರೆಗೆ. ರಜೆ ಸಿಗುವುದಿಲ್ಲ, ಟಿಕೇಟು ಸಿಗುವುದಿಲ್ಲ, ವರ್ಷ ಎರಡಾಗುತ್ತದೆ, ಮೂರಾಗುತ್ತದೆ. ನಮಗಾಗಿ ಕಾದಿದ್ದ ಬಟ್ಟೆಯನ್ನು ಹುಳ ತೊಟ್ಟುಬಿಡುತ್ತದೆ. ಎತ್ತಿಡುವುದು ತಪ್ಪಲ್ಲ. ಆದರೆ ನಡುನಡುವೆ ತೆಗೆದು ನೋಡಬೇಕು. ತೊಟ್ಟರೆ ಇನ್ನೂ ಒಳ್ಳೆಯದು.

ನನ್ನ ತಾಯಿಯ ಸೀರೆಯ ಕತೆಯನ್ನು ಅರ್ಧಕ್ಕೆ ಬಿಟ್ಟೆ. ಅದರ ಅಂಚು ಒಂದು ಬದಿಯಲ್ಲಿ ಉಳಿದಿತ್ತು. ಮಗಳು ಅದನ್ನು ಕತ್ತರಿಸಿ ಇಸ್ತ್ರಿ ಮಾಡಿಸಿ ತನ್ನ ಧಾರೆಯ ರವಿಕೆಯ ತೋಳಿಗೆ ಹೊಲಿಸಿಕೊಂಡಳು. ಮಂಟಪದಲ್ಲಿ ನಿಂತಾಗ ಎರಡು ಬೆರಳಗಲದ ಆ ಅಂಚು ಎಲ್ಲರಿಗೂ ಕಂಡಿರಲಿಕ್ಕಿಲ್ಲ. ನನಗೆ ಕಂಡಿತು. ಮದುವೆಯಾದ ವಾರದಲ್ಲಿ ಅವಳು ಆ ರವಿಕೆಯನ್ನು ಡ್ರೈಕ್ಲೀನಿಗೆ ಕೊಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟಳು. "ಅಕ್ಟೋಬರಿನಲ್ಲಿ ನೆನಪು ಮಾಡಿ ಅಪ್ಪಯ್ಯಾ" ಎಂದಳು. ಪ್ರತಿ ವರ್ಷ ಮಾಡುತ್ತೇನೆ.

ಇಂದು ಮನೆಗೆ ಹೋದ ಮೇಲೆ ನೀವೂ ಒಮ್ಮೆ ಅಟ್ಟದ ಕಡೆ ನೋಡಿ. ಟ್ರಂಕನ್ನು ಕೆಳಗಿಳಿಸಿ. ಬೀಗದ ಕೈ ಎಲ್ಲಿದೆ ಎಂದು ಮೊದಲು ಹುಡುಕಬೇಕಾದೀತು, ಹುಡುಕಿ.